ಕಾಲುವೆಯಲ್ಲಿ ಹೂಳು ಯಾಕೆ ಕೂರುತ್ತೆ? ಟೇಪು, ನಿಂಬೆಹಣ್ಣು, ಬಾಟಲಿ ಇಟ್ಟುಕೊಂಡು ನೀವೇ ಲೆಕ್ಕ ಹಾಕಿ

ಕಾಲುವೆಗೆ ನೀರು ಬಿಡೋ ಮುಂಚೆ ಜೆಸಿಬಿ ಬರುತ್ತದೆ, ಹೂಳು ಎತ್ತಿ ದಂಡೆ ಮೇಲೆ ಸುರಿದು ಹೋಗುತ್ತದೆ. ದೀಪಾವಳಿ ಹೊತ್ತಿಗೆ ಇಣುಕಿದರೆ ಮತ್ತೆ ಮೊಣಕಾಲುದ್ದ ಕೆಸರು. ಟೇಲ್ ಎಂಡ್, ಅಂದರೆ ಕಾಲುವೆಯ ಕೊನೆಯ ರೈತರಿಗೆ ನೀರು ಮುಟ್ಟುವುದಿಲ್ಲ, ನೀರುಗಂಟಿ ಜೊತೆ ಜಗಳ, ಮುಂದಿನ ವರ್ಷ ಮತ್ತೆ ಅದೇ ಟೆಂಡರ್. ಈ ಹೂಳು ಇಲ್ಲೇ ಯಾಕೆ ಕೂತಿತು, ಹರಿದು ಮುಂದೆ ಯಾಕೆ ಹೋಗಲಿಲ್ಲ ಅಂತ ಕೇಳುವವರು ಕಡಿಮೆ.

ಕೇಳಿದರೆ ಉತ್ತರ ಸಿಗುತ್ತದೆ. ಅದಕ್ಕೆ ದೊಡ್ಡ ಲ್ಯಾಬ್ ಬೇಡ, ಅರ್ಧ ದಿನದ ಕೆಲಸ ಅಷ್ಟೇ. ಒಂದು ಉದ್ದನೆಯ ಟೇಪು, ಗಾರೆಯವರು ಬಳಸುವ ನೀರು ತುಂಬಿದ ಲೆವೆಲ್ ಪೈಪು, ನಾಲ್ಕು ನಿಂಬೆಹಣ್ಣು, ಪಾರದರ್ಶಕ ಬಾಟಲಿ, ಸ್ಟಾಪ್‌ವಾಚ್ ಇರುವ ಫೋನು ಸಾಕು. ಸಿವಿಲ್ ಓದುತ್ತಿರುವ ಹುಡುಗರಿಗೂ ನೀರು ಬಳಕೆದಾರರ ಸಂಘದವರಿಗೂ ಇಬ್ಬರಿಗೂ ಆಗುವ ಹಾಗೆ ಬರೆಯುತ್ತಿದ್ದೇನೆ. ಉದಾಹರಣೆಗೆ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎಲ್ಲೆಂದರಲ್ಲಿ ಕಾಣುವಂಥ ಒಂದು ಸಣ್ಣ ಮಣ್ಣಿನ ವಿತರಣಾ ಕಾಲುವೆ ಇಟ್ಟುಕೊಳ್ಳೋಣ. ಅಂಕಿಗಳು ನಾನು ಲೆಕ್ಕಕ್ಕೆ ಹಿಡಿದವು, ನಿಮ್ಮ ಕಾಲುವೆಯದ್ದು ನೀವೇ ಅಳೆಯಬೇಕು.

ಮೊದಲೇ ಹೇಳಿಬಿಡುತ್ತೇನೆ: ಕಾಂಕ್ರೀಟ್ ಹಾಕಿದ ಕಾಲುವೆಗೆ ನೀರು ಹರಿಯುವಾಗ ಇಳಿಯಬೇಡಿ. ಇಳಿಜಾರು ಗೋಡೆ ಮೇಲೆ ಪಾಚಿ ಇರುತ್ತದೆ, ಒಮ್ಮೆ ಜಾರಿದರೆ ಈಜು ಬಂದರೂ ಹತ್ತೋಕೆ ಹಿಡಿತ ಸಿಗುವುದಿಲ್ಲ. ಸೇತುವೆ ಮೇಲಿಂದ ಅಳೆಯಿರಿ, ಅಥವಾ ನೀರು ನಿಲ್ಲಿಸಿದ ದಿನ ಅಳತೆ ತೆಗೆದಿಟ್ಟುಕೊಳ್ಳಿ.

ಮಣ್ಣು ತೇಲೋದು ಹೇಗೆ

ಮಣ್ಣು ನೀರಿಗಿಂತ ಭಾರ. ಮರಳಿನ ಕಾಳಿನ ತೂಕ ಅಷ್ಟೇ ಗಾತ್ರದ ನೀರಿನ 2.65 ಪಟ್ಟು. ಹಾಗಿದ್ದರೂ ಅದು ಮೈಲಿಗಟ್ಟಲೆ ತೇಲಿಕೊಂಡು ಹೋಗುತ್ತದೆ ಅಂದರೆ ಕೆಳಗಿಂದ ಯಾರೋ ಎತ್ತುತ್ತಿರಬೇಕು, ಅಲ್ವಾ? ಎತ್ತುವುದು ಟರ್ಬ್ಯುಲೆನ್ಸ್, ಅಂದರೆ ನೀರಿನೊಳಗಿನ ಸುಳಿಗಳು. ನೀರು ಮುಂದಕ್ಕೆ ಓಡುತ್ತಿರುವ ಹಾಗೆ ಕಾಣುತ್ತದೆ, ಒಳಗೆ ಮಾತ್ರ ಅದು ಮೇಲೆ ಕೆಳಗೆ ಹೊರಳುತ್ತಲೇ ಇರುತ್ತದೆ. ಓಸ್‌ಬೋರ್ನ್ ರೆನಾಲ್ಡ್ಸ್ 1883ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗಾಜಿನ ಕೊಳವೆಯೊಳಗೆ ಬಣ್ಣದ ಗೆರೆ ಬಿಟ್ಟು ಇದನ್ನು ತೋರಿಸಿದರು. ನಿಧಾನವಾಗಿ ಹರಿದಾಗ ಗೆರೆ ನೆಟ್ಟಗೆ ಇತ್ತು, ವೇಗ ಹೆಚ್ಚಿಸಿದ ಕೂಡಲೇ ಒಡೆದು ಚದುರಿತು. ತೆರೆದ ಕಾಲುವೆಯಲ್ಲಿ ರೆನಾಲ್ಡ್ಸ್ ಸಂಖ್ಯೆ (ನೀರಿನ ವೇಗ, ಆಳ, ಸ್ನಿಗ್ಧತೆ ಅಂದರೆ ಮಂದತನ, ಇವುಗಳಿಂದ ಲೆಕ್ಕ ಹಾಕುವ ಅಂಕಿ) 500ರ ಒಳಗಿದ್ದರೆ ಮಾತ್ರ ಆ ಶಾಂತ ಹರಿವು ಉಳಿಯುತ್ತದೆ. ನಮ್ಮ ಉದಾಹರಣೆಯ ಸಣ್ಣ ಕಾಲುವೆಯಲ್ಲೇ ಅದು 2 ಲಕ್ಷ ದಾಟುತ್ತದೆ. ಹಾಗಾಗಿ ಟರ್ಬ್ಯುಲೆನ್ಸ್ ಇದೆಯಾ ಇಲ್ಲವಾ ಅನ್ನುವ ಪ್ರಶ್ನೆಯೇ ಇಲ್ಲ, ಸಾಕಾಗುವಷ್ಟು ಇದೆಯಾ ಅನ್ನುವುದೇ ಪ್ರಶ್ನೆ.

ಇದನ್ನು ಕಣ್ಣಾರೆ ನೋಡಬೇಕು ಅಂದರೆ ನೀರು ತಿಳಿಯಾಗಿ, ಒಂದು ಗೇಣು ಆಳದಲ್ಲಿ ಹರಿಯುವ ಜಾಗ ಹುಡುಕಿ, ತಳದಲ್ಲಿ ಮರಳಿರಲಿ. ಸುಮ್ನೆ ಒಂದೇ ಕಡೆ ಕಣ್ಣಿಟ್ಟು ಕೂತುಕೊಳ್ಳಿ. ಮರಳು ಅಲ್ಲಾಡದೆ ಬಿದ್ದಿರುತ್ತದೆ, ಬಿದ್ದಿರುತ್ತದೆ, ಇದ್ದಕ್ಕಿದ್ದಂತೆ ಅಂಗೈ ಅಗಲದ ಜಾಗದಲ್ಲಿ ನೂರಾರು ಕಾಳುಗಳು ಒಟ್ಟಿಗೆ ಮುಂದಕ್ಕೆ ಹಾರುತ್ತವೆ, ಆಮೇಲೆ ಮತ್ತೆ ತೆಪ್ಪಗೆ. ಮೇಲಿನ ವೇಗದ ನೀರು ಕೆಳಗೆ ಧುಮುಕಿ ತಳವನ್ನು ಗುಡಿಸಿಕೊಂಡು ಹೋದ ಗಳಿಗೆ ಅದು. ಇದರ ಎದುರು ಜೋಡಿಯೂ ಇದೆ. ತಳದ ನಿಧಾನ ನೀರು ಮಣ್ಣನ್ನು ಹೊತ್ತು ಮೇಲಕ್ಕೆ ಚಿಮ್ಮುತ್ತದೆ. ಬಗ್ಗಡ ನೀರಿನ ದೊಡ್ಡ ನಾಲೆಯಲ್ಲಿ ಮೇಲ್ಮೈ ಮೇಲೆ ದುಂಡಗೆ ನುಣ್ಣಗೆ ಉಕ್ಕಿ ಹರಡುವ, ಸುತ್ತಲಿನದಕ್ಕಿಂತ ಕೆಂಪಾದ ತೇಪೆಗಳು ಕಾಣುತ್ತವಲ್ಲ, ಅವು ತಳದಿಂದ ಬಂದ ಈ ಚಿಮ್ಮುಗಳೇ. 1967ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ಲೈನ್ ಮತ್ತು ಜೊತೆಯವರು ನೀರಿನಲ್ಲಿ ಹೈಡ್ರೋಜನ್ ಗುಳ್ಳೆಗಳನ್ನು ಬಿಟ್ಟು ಇದನ್ನು ವಿವರವಾಗಿ ದಾಖಲಿಸಿದರು.

ಇದನ್ನು ಇಷ್ಟು ಎಳೆದು ಹೇಳಲು ಕಾರಣ ಇದೆ. ಮುಂದೆ ನಾವು ಹಾಕುವ ಲೆಕ್ಕವೆಲ್ಲ ಸರಾಸರಿಯದ್ದು. ಮರಳು ಏಳುವುದು ಸರಾಸರಿಗೆ ಅಲ್ಲ, ಆ ಒಂದೊಂದು ಧುಮುಕಿಗೆ. ಆದ್ದರಿಂದ ಸೂತ್ರ ಇಲ್ಲಿ ಮರಳು ಏಳುವುದಿಲ್ಲ ಅಂದರೂ ಅಲ್ಲೊಂದು ಇಲ್ಲೊಂದು ಕಾಳು ಏಳುತ್ತಲೇ ಇರುತ್ತದೆ.

ಅಳತೆ

ನೇರವಾಗಿ ಇರುವ 30 ಮೀಟರ್ ಉದ್ದದ ತುಂಡು ಆರಿಸಿ. ತಿರುವು, ತೂಬು, ಡ್ರಾಪ್ (ತಳ ಮೆಟ್ಟಿಲಿನ ಹಾಗೆ ಇಳಿಯುವ ಜಾಗ), ಸೇತುವೆ ಕಂಬ ಹತ್ತಿರ ಇರಬಾರದು. ತಳದ ಅಗಲ, ನೀರಿನ ಆಳ, ಬದಿಯ ಇಳಿಜಾರು ಬರೆದುಕೊಳ್ಳಿ. ನಮ್ಮ ಕಾಲುವೆ: ತಳ 2 ಮೀ., ನೀರು 0.8 ಮೀ., ಬದಿ 1ಕ್ಕೆ 1. ಅಡ್ಡಕೊಯ್ತದ ವಿಸ್ತೀರ್ಣ 2.24 ಚದರ ಮೀಟರ್. ನೀರು ತಾಗುವ ಅಂಚಿನ ಉದ್ದ, ಅಂದರೆ ತಳ ಮತ್ತು ಎರಡು ಬದಿ ಸೇರಿ, 4.26 ಮೀ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ: 0.53 ಮೀ. ಇದು ಹೈಡ್ರಾಲಿಕ್ ರೇಡಿಯಸ್, ಎಲ್ಲ ಕಡೆಯೂ ಬೇಕಾಗುತ್ತದೆ.

ಇಳಿಜಾರು ಅಳೆಯುವುದೇ ಕಷ್ಟದ ಕೆಲಸ, ಎಡವಟ್ಟು ಆಗುವುದೂ ಇಲ್ಲೇ. ನಮ್ಮ ಕಾಲುವೆಗಳು ತುಂಬಾ ಚಪ್ಪಟೆ. 4000ಕ್ಕೆ 1 ಅಂದರೆ 100 ಮೀಟರ್‌ಗೆ ಇಳಿಯುವುದು ಬರೀ 25 ಮಿ.ಮೀ. ಲೆವೆಲ್ ಪೈಪಿನಲ್ಲಿ 5 ಮಿ.ಮೀ. ಆಚೀಚೆ ಆದರೆ ಲೆಕ್ಕ ಶೇ. 20 ಕೆಟ್ಟಿತು. ಅದಕ್ಕೇ 400 ಮೀಟರ್ ಹಿಡಿಯಿರಿ, ಆಗ ಇಳಿತ 100 ಮಿ.ಮೀ. 20 ಮೀಟರ್ ಪೈಪಿನಲ್ಲಿ ಇಪ್ಪತ್ತು ಸಲ ಮುಂದೆ ಮುಂದೆ ಹೋಗಬೇಕಾಗುತ್ತದೆ. ಒಂದೊಂದು ಸಲಕ್ಕೆ 2 ಮಿ.ಮೀ. ತಪ್ಪಿದರೂ ಕೆಲವು ಹೆಚ್ಚು ಕೆಲವು ಕಡಿಮೆ ಆಗಿ, ಒಟ್ಟು ತಪ್ಪು ಸುಮಾರು 9 ಮಿ.ಮೀ.ಗೆ ನಿಲ್ಲುತ್ತದೆ. ಸಾಕು. ಪೈಪಿನಲ್ಲಿ ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಳ್ಳಿ, ಒಂದು ಗುಳ್ಳೆ ಅಷ್ಟೂ ಕೆಲಸ ಹಾಳು ಮಾಡುತ್ತದೆ. ಹತ್ತಿರದ ಪಾಲಿಟೆಕ್ನಿಕ್‌ನಿಂದ ಎತ್ತರದ ವ್ಯತ್ಯಾಸ ಅಳೆಯುವ ಆಟೋ ಲೆವೆಲ್ ಸಾಧನ ಸಿಕ್ಕರೆ ಇನ್ನೂ ಒಳ್ಳೆಯದು. ಇನ್ನೊಂದು ಮಾತು, ಅಳೆಯಬೇಕಾದ್ದು ನೀರಿನ ಮೇಲ್ಮೈಯ ಇಳಿಜಾರು. ಕಾಗದದ ಮೇಲಿನ ತಳದ ಇಳಿಜಾರನ್ನು ಕಣ್ಣುಮುಚ್ಚಿ ಹಾಕಿಕೊಳ್ಳಬೇಡಿ. ಕೆಳಗೆ ಯಾರೋ ನೀರು ಕಟ್ಟಿ ನಿಲ್ಲಿಸಿದ್ದರೆ ಎರಡಕ್ಕೂ ಸಂಬಂಧವೇ ಇರುವುದಿಲ್ಲ.

ವೇಗಕ್ಕೆ ನಿಂಬೆಹಣ್ಣು. ಕಿತ್ತಳೆಯೂ ಆಗುತ್ತದೆ. ಹೆಚ್ಚು ಭಾಗ ಮುಳುಗಿ ತೇಲುವುದರಿಂದ ಗಾಳಿ ಅದನ್ನು ತಳ್ಳುವುದಿಲ್ಲ, ಥರ್ಮಾಕೋಲ್ ಚೂರಿಗೆ ಆ ಗುಣ ಇಲ್ಲ. 30 ಮೀಟರ್ ದಾಟಲು ಎಷ್ಟು ಸೆಕೆಂಡ್ ಅಂತ ಮಧ್ಯದಲ್ಲಿ, ಎಡಕ್ಕೆ, ಬಲಕ್ಕೆ ಬಿಟ್ಟು ನೋಡಿ, 30ನ್ನು ಆ ಸೆಕೆಂಡುಗಳಿಂದ ಭಾಗಿಸಿ, ಬಂದ ವೇಗಗಳ ಸರಾಸರಿ ತೆಗೆದು 0.85ರಿಂದ ಗುಣಿಸಿ. ಮೇಲ್ಮೈ ನೀರು ಜಾಸ್ತಿ ವೇಗ, ತಳದ್ದು ಕಡಿಮೆ, ಅದಕ್ಕೆ ಈ ಕಡಿತ.

ಬಂದ ಉತ್ತರವನ್ನು, ಕಾಲುವೆಯ ಅಳತೆಯಿಂದಲೇ ನೀರಿನ ವೇಗ ಹೇಳುವ ಮ್ಯಾನಿಂಗ್ ಸೂತ್ರದ ಜೊತೆ ಹೋಲಿಸಿ. ಹೈಡ್ರಾಲಿಕ್ ರೇಡಿಯಸ್‌ನ ಮೂರನೇ ಎರಡು ಘಾತ, ಗುಣಿಸು ಇಳಿಜಾರಿನ ವರ್ಗಮೂಲ, ಭಾಗಿಸು ಒರಟುತನದ ಸಂಖ್ಯೆ. ಚೆನ್ನಾಗಿರುವ ಮಣ್ಣಿನ ಕಾಲುವೆಗೆ ಒರಟುತನ 0.025 ಹಿಡಿದರೆ ನಮ್ಮ ಕಾಲುವೆಗೆ ಸೆಕೆಂಡಿಗೆ 0.41 ಮೀ. ಬರುತ್ತದೆ, ಹರಿವು ಸೆಕೆಂಡಿಗೆ 0.92 ಘನ ಮೀಟರ್, ಅಂದರೆ ಸುಮಾರು 32 ಕ್ಯುಸೆಕ್. ನಿಂಬೆಹಣ್ಣು 0.25 ಹೇಳುತ್ತಿದೆ, ಸೂತ್ರ 0.41 ಹೇಳುತ್ತಿದೆ ಅಂದರೆ ಕಾಲುವೆಯಲ್ಲಿ ಏನೋ ಅಡ್ಡ ಇದೆ. ಕಳೆ, ಆಪು, ಕಲ್ಲು, ಬಿದ್ದ ದಂಡೆ. ಈ ವ್ಯತ್ಯಾಸವೇ ಅರ್ಧ ರೋಗ ಹೇಳಿಬಿಡುತ್ತದೆ.

ನೀರಿನ ಶಕ್ತಿಗೆ ಒಂದು ಅಂಕಿ

ಸುಳಿಗಳ ಜೋರನ್ನು ಒಂದೇ ಅಂಕಿಯಲ್ಲಿ ಹಿಡಿಯಲು ಇಂಜಿನಿಯರ್‌ಗಳು ಶಿಯರ್ ವೆಲಾಸಿಟಿ ಅನ್ನುವುದನ್ನು ಬಳಸುತ್ತಾರೆ. 9.81, ಹೈಡ್ರಾಲಿಕ್ ರೇಡಿಯಸ್, ಇಳಿಜಾರು, ಮೂರನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ. ನಮ್ಮಲ್ಲಿ 9.81 × 0.53 × 0.00025, ವರ್ಗಮೂಲ 0.036. ಅಂದರೆ ಸೆಕೆಂಡಿಗೆ 36 ಮಿ.ಮೀ. ತಳದ ಹತ್ತಿರ ಸುಳಿಗಳು ಮೇಲೆ ಕೆಳಗೆ ಆಡುವ ವೇಗ ಹೆಚ್ಚುಕಮ್ಮಿ ಇಷ್ಟು ಅಂತ ತಿಳಿದುಕೊಳ್ಳಿ. ವರ್ಗಮೂಲ ಇರುವುದು ನಮ್ಮ ಪುಣ್ಯ: ಇಳಿಜಾರಿನಲ್ಲಿ ಶೇ. 10 ತಪ್ಪಿದ್ದರೆ ಇಲ್ಲಿ ಶೇ. 5 ಮಾತ್ರ.

ಕರೆಂಟ್ ಮೀಟರ್ (ನೀರಿನ ವೇಗ ಅಳೆಯುವ ಸಾಧನ, ವಿದ್ಯುತ್ ಮೀಟರ್ ಅಲ್ಲ) ಕೈಗೆ ಸಿಕ್ಕರೆ ಇಳಿಜಾರೇ ಬೇಡ. ತಳದಿಂದ 10 ಸೆಂ.ಮೀ. ಎತ್ತರದಲ್ಲಿ ಒಮ್ಮೆ, 40 ಸೆಂ.ಮೀ. ಎತ್ತರದಲ್ಲಿ ಒಮ್ಮೆ ವೇಗ ಅಳೆಯಿರಿ, ವ್ಯತ್ಯಾಸವನ್ನು 0.29ರಿಂದ ಗುಣಿಸಿ. ವ್ಯತ್ಯಾಸ 0.12 ಮೀ. ಇದ್ದರೆ 0.035 ಬರುತ್ತದೆ. ತಳದಿಂದ ಮೇಲಕ್ಕೆ ವೇಗ ಲಾಗರಿದಮ್ ಪ್ರಕಾರ ಏರುತ್ತದೆ ಅನ್ನುವುದರಿಂದ ಬಂದ ಸಂಖ್ಯೆ ಅದು. ಎರಡು ದಾರಿಯಲ್ಲೂ ಹತ್ತಿರ ಹತ್ತಿರ ಉತ್ತರ ಬಂದರೆ ನಿಮ್ಮ ಅಳತೆ ಗಟ್ಟಿ.

ಮಣ್ಣಿನ ಕಡೆಯ ಅಂಕಿ

ಈಗ ಬಾಟಲಿ. ಮುಂಗಾರಿನ ಮೊದಲ ಬಗ್ಗಡ ನೀರು ಬಂದಾಗ ಒಂದು ಮಾದರಿ, ನೀರು ಸ್ವಲ್ಪ ತಿಳಿಯಾದ ಮೇಲೆ ಇನ್ನೊಂದು. ಮೇಲ್ಮೈಯಿಂದ ಮಾತ್ರ ತುಂಬಬೇಡಿ. ಬಾಟಲಿಯನ್ನು ಕೋಲಿಗೆ ಕಟ್ಟಿ, ಬಾಯಿ ಮೇಲ್ಹರಿವಿನ ಕಡೆ ಇರಲಿ, ತಳಕ್ಕೆ ತಾಗದಂತೆ ನಿಧಾನವಾಗಿ ಇಳಿಸಿ ನಿಧಾನವಾಗಿ ಎತ್ತಿ. ಚೆನ್ನಾಗಿ ಕುಲುಕಿ ನೆಟ್ಟಗೆ ನಿಲ್ಲಿಸಿ ಸ್ಟಾಪ್‌ವಾಚ್ ಒತ್ತಿ.

ಬಾಟಲಿಯಲ್ಲಿ 20 ಸೆಂ.ಮೀ. ನೀರಿದ್ದರೆ 0.1 ಮಿ.ಮೀ. ಗಾತ್ರದ ನುಣುಪು ಮರಳು 25 ಸೆಕೆಂಡಿನಲ್ಲಿ ತಳ ಸೇರುತ್ತದೆ, ಅದು ಸೆಕೆಂಡಿಗೆ 8 ಮಿ.ಮೀ. ಇಳಿಯುತ್ತದೆ. 0.05 ಮಿ.ಮೀ. ಕಾಳಿಗೆ ಒಂದೂವರೆ ನಿಮಿಷ, ವೇಗ ಸೆಕೆಂಡಿಗೆ 2.2 ಮಿ.ಮೀ. 0.02ಕ್ಕೆ ಒಂಬತ್ತು ನಿಮಿಷದ ಮೇಲೆ. ಜೇಡಿಯ 0.002 ಮಿ.ಮೀ. ಕಣಕ್ಕೆ ಹದಿನೈದು ಗಂಟೆ ಬೇಕು. ಗಾತ್ರ ಅರ್ಧ ಆದರೆ ವೇಗ ಕಾಲುಭಾಗ ಆಗುತ್ತದೆ, ಸ್ಟೋಕ್ಸ್ ನಿಯಮ ಅದು. ದಪ್ಪ ಮರಳಿಗೆ ಆ ನಿಯಮ ನಡೆಯುವುದಿಲ್ಲ, 0.2 ಮಿ.ಮೀ.ಗೆ ಸೆಕೆಂಡಿಗೆ ಸುಮಾರು 22, 0.5 ಮಿ.ಮೀ.ಗೆ ಸುಮಾರು 65 ಮಿ.ಮೀ. ಹಿಡಿಯಿರಿ. ಇವೆಲ್ಲ 20 ಡಿಗ್ರಿ ನೀರಿಗೆ ಹೇಳಿದ್ದು. ರಾಯಚೂರಿನ ಬಿಸಿಲಿಗೆ ನೀರು 30 ಡಿಗ್ರಿ ಮುಟ್ಟಿದರೆ ನೀರಿನ ಸ್ನಿಗ್ಧತೆ ಐದರಲ್ಲಿ ಒಂದು ಪಾಲು ಕಡಿಮೆ, ಸಣ್ಣ ಕಣ ಕಾಲುಭಾಗ ಬೇಗ ಇಳಿಯುತ್ತದೆ.

ತಳದಲ್ಲಿ ಈಗಾಗಲೇ ಕೂತ ಹೂಳಿನದ್ದೂ ಒಂದು ಮುಷ್ಟಿ ತಂದು, ಒಣಗಿಸಿ, ಕಾಲೇಜಿನ ಲ್ಯಾಬ್‌ನಲ್ಲಿ 600, 300, 150, 75 ಮೈಕ್ರಾನ್ ಜರಡಿ ಹಿಡಿಸಿ. ಜರಡಿ ಸಿಗಲಿಲ್ಲ ಅಂದರೆ ಒದ್ದೆ ಮಣ್ಣನ್ನು ಬೆರಳಲ್ಲಿ ಉಜ್ಜಿ: ಗರಗರ ಅಂದರೆ ಮರಳು, ಹಿಟ್ಟಿನ ಹಾಗೆ ನುಣ್ಣಗಿದ್ದು ತೊಳೆದರೆ ಹೋಗುವುದಾದರೆ ಸಿಲ್ಟ್, ಅಂಟಿಕೊಂಡು ಬಿಡದಿದ್ದರೆ ಜೇಡಿ.

ಎರಡನ್ನೂ ಎದುರುಬದುರು ಇಡೋದು

ಕಾಳು ಇಳಿಯುವ ವೇಗವನ್ನು ಶಿಯರ್ ವೆಲಾಸಿಟಿಯ 0.4 ಪಾಲಿನಿಂದ ಭಾಗಿಸಿ. 1937ರಲ್ಲಿ ಹಂಟರ್ ರೌಸ್ ಕೊಟ್ಟ ಸಂಖ್ಯೆ ಇದು. ಉತ್ತರ 0.8ಕ್ಕಿಂತ ಕಡಿಮೆ ಬಂದರೆ ಕಾಳು ನೀರಿನ ತುಂಬಾ ಹರಡಿಕೊಂಡು ಸಲೀಸಾಗಿ ದಾಟಿ ಹೋಗುತ್ತದೆ. 2.5 ದಾಟಿದರೆ ತೇಲುವುದೇ ಇಲ್ಲ, ತಳದಲ್ಲಿ ಉರುಳಿಕೊಂಡೋ ಕುಪ್ಪಳಿಸಿಕೊಂಡೋ ಹೋಗಬೇಕು. ನಡುವೆ ಇದ್ದರೆ ಅರೆಬರೆ, ಹೆಚ್ಚಿನದು ತಳದ ಹತ್ತಿರವೇ ಗುಂಪುಗಟ್ಟಿರುತ್ತದೆ.

ನಮ್ಮ ಕಾಲುವೆ ತುಂಬಿ ಹರಿಯುವಾಗ 36ರ 0.4 ಪಾಲು 14.4. ಅಲ್ಲಿಗೆ 0.05 ಮಿ.ಮೀ. ಸಿಲ್ಟ್‌ಗೆ 0.15, 0.1 ಮಿ.ಮೀ.ಗೆ 0.56, ಎರಡೂ ಆರಾಮಾಗಿ ಹೋಗುತ್ತವೆ. 0.2ಕ್ಕೆ 1.5. 0.5 ಮಿ.ಮೀ. ಮರಳಿಗೆ 4.5, ಅದು ತಳದ ಗಿರಾಕಿ.

ತಳದ ಗಿರಾಕಿ ಉರುಳುತ್ತದಾ ಕೂರುತ್ತದಾ ನೋಡಲು ಶೀಲ್ಡ್ಸ್ ಲೆಕ್ಕ. ಆಲ್ಬರ್ಟ್ ಶೀಲ್ಡ್ಸ್ ಅನ್ನುವ ಅಮೆರಿಕದ ಇಂಜಿನಿಯರ್ 1936ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ಡಾಕ್ಟರೇಟ್ ಕೆಲಸ, ಇವತ್ತಿಗೂ ಎಲ್ಲರೂ ಅದನ್ನೇ ಹಿಡಿದಿದ್ದಾರೆ. ಮೊದಲು ತಳದ ಮೇಲಿನ ಎಳೆತ: 1000 × 9.81 × ಹೈಡ್ರಾಲಿಕ್ ರೇಡಿಯಸ್ × ಇಳಿಜಾರು, ನಮ್ಮಲ್ಲಿ ಚದರ ಮೀಟರಿಗೆ 1.29 ನ್ಯೂಟನ್. ಅದನ್ನು ಕಾಳಿನ ಗಾತ್ರ (ಮೀಟರ್‌ನಲ್ಲಿ) × 16186 ಇಂದ ಭಾಗಿಸಿ. 0.5 ಮಿ.ಮೀ.ಗೆ 0.16 ಬರುತ್ತದೆ. ಈ ಗಾತ್ರದ ಮರಳು ಏಳಲು ಬೇಕಾದ್ದು ಸುಮಾರು 0.03, ನುಣುಪು ಮರಳಿಗೆ 0.05, 0.1 ಮಿ.ಮೀ. ಹತ್ತಿರ ಹೋದರೆ 0.09ರಷ್ಟು. ಅಂದರೆ ತುಂಬಿ ಹರಿಯುವಾಗ ಈ ಕಾಲುವೆ ದಪ್ಪ ಮರಳನ್ನೂ ತಳ್ಳಿಕೊಂಡು ಹೋಗುತ್ತದೆ.

ಹಾಗಾದರೆ ಹೂಳು ಎಲ್ಲಿಂದ ಬಂತು?

ಈಗ ಮೇಲೆ ಗೇಟು ಅರ್ಧ ಇಳಿಸಿದ್ದಾರೆ, 0.4 ಘನ ಮೀಟರ್ ಮಾತ್ರ ಬರುತ್ತಿದೆ ಅಂದುಕೊಳ್ಳಿ. ನೀರು ಕಡಿಮೆಯಾದ ಕಾರಣ ತೂಬಿಗೆ ಮಟ್ಟ ಸಿಗುತ್ತಿಲ್ಲ. ರೈತರೊಬ್ಬರು ಅಡ್ಡಕ್ಕೆ ಕಲ್ಲು, ಮರಳಿನ ಚೀಲ ಹಾಕಿ ನೀರನ್ನು 1 ಮೀಟರ್‌ಗೆ ಏರಿಸಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಈಗ ವೇಗ ಸೆಕೆಂಡಿಗೆ 0.13 ಮೀ. ನೀರಿನ ಮೇಲ್ಮೈಯ ಇಳಿಜಾರು 4000ಕ್ಕೆ 1 ಇದ್ದದ್ದು ಹೆಚ್ಚುಕಮ್ಮಿ 48 ಸಾವಿರಕ್ಕೆ 1. ಶಿಯರ್ ವೆಲಾಸಿಟಿ 36ರಿಂದ 11 ಮಿ.ಮೀ.ಗೆ ಬಿತ್ತು. ತಳದ ಎಳೆತ 1.29ರಿಂದ 0.13ಕ್ಕೆ, ಹತ್ತನೇ ಒಂದು ಪಾಲು. ಈಗ ರೌಸ್ ಸಂಖ್ಯೆ 0.1 ಮಿ.ಮೀ.ಗೇ 1.8, 0.2ಕ್ಕೆ ಸುಮಾರು 5. ಶೀಲ್ಡ್ಸ್ ಲೆಕ್ಕದಲ್ಲಿ 0.5 ಮಿ.ಮೀ.ಗೆ 0.016, 0.2ಕ್ಕೆ 0.04, 0.1ಕ್ಕೆ 0.08. ಯಾವುದೂ ಏಳುವುದಿಲ್ಲ. ತುಂಬಿದಾಗ ಎಲ್ಲವನ್ನೂ ಹೊತ್ತು ಹೋಗುತ್ತಿದ್ದ ಅದೇ ಕಾಲುವೆ ಈಗ ಮರಳೆನ್ನುವ ಮರಳನ್ನೆಲ್ಲ ಬಿಟ್ಟುಕೊಂಡು ಕೂತಿದೆ.

ಆದ್ದರಿಂದ ನಾಲ್ಕು ವಿತರಣಾ ಕಾಲುವೆಗಳಿಗೆ ದಿನವೆಲ್ಲ ಅರ್ಧರ್ಧ ನೀರು ಬಿಡುವುದಕ್ಕಿಂತ, ಎರಡೆರಡಕ್ಕೆ ಸರದಿಯಲ್ಲಿ ಪೂರ್ತಿ ನೀರು ಬಿಟ್ಟು ಮಿಕ್ಕೆರಡನ್ನು ಪೂರ್ತಿ ನಿಲ್ಲಿಸುವುದು ಒಳ್ಳೆಯದು. ಒಟ್ಟು ನೀರು ಅಷ್ಟೇ. ತೂಬಿಗೆ ಮಟ್ಟ ಸಿಗುವುದರಿಂದ ಕಲ್ಲು ಹಾಕುವ ಅಗತ್ಯವೂ ತಪ್ಪುತ್ತದೆ. ಸಂಘದ ಸಭೆಯಲ್ಲಿ ವಾದ ಮಾಡಬೇಕಾದ ವಿಷಯ ಜೆಸಿಬಿ ಬಾಡಿಗೆಗಿಂತ ಇದು.

ಹಳೇ ಸೂತ್ರಗಳನ್ನೂ ಒಮ್ಮೆ ತಾಳೆ ನೋಡಿ. ಕೆನಡಿ ಅನ್ನುವ ಇಂಜಿನಿಯರ್ ಪಂಜಾಬಿನ ಅಪ್ಪರ್ ಬಾರಿ ದೋಆಬ್ ಕಾಲುವೆ ನೋಡಿ 1895ರಲ್ಲಿ ಹೇಳಿದ್ದು: ಹೂಳೂ ಕೂರದ, ತಳವೂ ಕೊರೆಯದ ವೇಗ ಅಂದರೆ ಆಳದ 0.64 ಘಾತವನ್ನು 0.55ರಿಂದ ಗುಣಿಸಿದಷ್ಟು. ತಳದಿಂದ ಏಳುವ ಸುಳಿಗಳೇ ಹೂಳನ್ನು ಎತ್ತಿ ಹಿಡಿಯುತ್ತವೆ ಅಂತ ಅವರು ಆಗಲೇ ಗುರುತಿಸಿದ್ದರು. ನಮ್ಮ 0.8 ಮೀಟರ್ ಆಳಕ್ಕೆ 0.48 ಬೇಕು, ನಮ್ಮಲ್ಲಿರುವುದು 0.41. ಪಂಜಾಬಿನ ಹೂಳಾದರೆ ಸ್ವಲ್ಪ ಕೂರುತ್ತದೆ. ಹೂಳಿನ ಗಾತ್ರ ನೋಡಿ ಇಳಿಜಾರು ಹೇಳುವ 1930ರ ಲೇಸಿ ಸೂತ್ರವೂ 0.32 ಮಿ.ಮೀ. ಮರಳಿಗೆ ಸುಮಾರು 3300ಕ್ಕೆ 1 ಇಳಿಜಾರು ಕೇಳುತ್ತದೆ, 0.16 ಮಿ.ಮೀ.ಗೆ ಮಾತ್ರ 6000ಕ್ಕೆ 1 ಸಾಕು ಅನ್ನುತ್ತದೆ. ಅಂದರೆ ಹೂಳಿನ ಗಾತ್ರ ಗೊತ್ತಿಲ್ಲದೆ ಕಾಲುವೆ ಸರಿಯಿದೆ, ಸರಿಯಿಲ್ಲ ಅಂತ ಯಾರೂ ಹೇಳೋಕೆ ಆಗಲ್ಲ. ಇವು ಉತ್ತರದ ಮೆಕ್ಕಲು ಮಣ್ಣಿನ ಕಾಲುವೆಗಳಲ್ಲಿ ಹುಟ್ಟಿದ ಸೂತ್ರಗಳು, ನಮ್ಮಲ್ಲಿ ತಾಳೆ ನೋಡಲು ಮಾತ್ರ ಸಾಕು.

ಲೆಕ್ಕ ಕೈಕೊಡುವ ಜಾಗಗಳು

ಕಳೆ. ಆಪು, ಜೊಂಡು ಬೆಳೆದ ಕಾಲುವೆಯಲ್ಲಿ ಇಳಿಜಾರು ಚೆನ್ನಾಗೇ ಇರಬಹುದು, ಸೂತ್ರಕ್ಕೆ ಹಾಕಿದರೆ ಎಳೆತವೂ ಜೋರಾಗಿ ಬರುತ್ತದೆ. ಆದರೆ ಆ ಎಳೆತದ ಬಹುಪಾಲನ್ನು ಗಿಡದ ಕಾಂಡಗಳು ತಿಂದುಹಾಕುತ್ತವೆ, ತಳದ ಮರಳಿಗೆ ಉಳಿಯುವುದು ಚೂರುಪಾರು. ಹಾಗಾಗಿ ಕಳೆ ಇರುವಲ್ಲಿ ಇಳಿಜಾರಿನ ಲೆಕ್ಕ ನಂಬಬೇಡಿ, ಕರೆಂಟ್ ಮೀಟರ್ ಇಟ್ಟು ತಳದ ಹತ್ತಿರದ ವೇಗ ನೋಡಿ.

ಎರೆಮಣ್ಣು. ಶೀಲ್ಡ್ಸ್ ಲೆಕ್ಕ ಬಿಡಿ ಕಾಳುಗಳಿಗೆ. ಎರೆಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೂತ ವಾರದಲ್ಲಿ ಸುಲಭವಾಗಿ ಏಳುವ ಈ ಹೂಳು ಗಟ್ಟಿಯಾದ ಮೇಲೆ ಪೂರ್ತಿ ನೀರು ಬಿಟ್ಟರೂ ಜಗ್ಗುವುದಿಲ್ಲ. ಬೇಸಿಗೆಯಲ್ಲಿ ಒಣಗಿ ಬಿರುಕುಬಿಟ್ಟು ಅದರಲ್ಲಿ ಗಿಡ ಬೇರುಬಿಟ್ಟರಂತೂ ಮುಗಿಯಿತು. ಇಲ್ಲಿ ಮಾತ್ರ ಯಂತ್ರ ಬೇಕೇ ಬೇಕು, ಆದಷ್ಟು ಬೇಗ.

ಡ್ರಾಪ್, ಸೇತುವೆ ಕಂಬ, ಗೇಟಿನ ಕೆಳಭಾಗ. ಇಲ್ಲಿ ಸುಳಿಗಳು ಸರಾಸರಿ ಲೆಕ್ಕಕ್ಕೆ ಸಿಗುವುದಿಲ್ಲ. ನೀರು ನಿಧಾನ ಕಂಡರೂ ಕಂಬದ ಬುಡದಲ್ಲಿ ಗುಂಡಿ ಬಿದ್ದಿರುತ್ತದೆ.

ಇನ್ನು ಹೂಳಿನ ಮೂಲ. ತುಂಗಭದ್ರಾ ಜಲಾಶಯದ ಸಾಮರ್ಥ್ಯ 1953ರಲ್ಲಿ 133 ಟಿಎಂಸಿ ಇತ್ತು, ಈಗ ಸುಮಾರು 105, ಹೂಳಿನ ಕಾರಣಕ್ಕೆ. ಇದನ್ನು ಕೇಳಿದವರಿಗೆ ತಮ್ಮ ಕಾಲುವೆಯ ಮರಳೂ ಡ್ಯಾಮಿನಿಂದಲೇ ಬಂತು ಅನ್ನಿಸುವುದು ಸಹಜ. ಆದರೆ ಯೋಚಿಸಿ, ದಪ್ಪ ಮರಳು ಜಲಾಶಯದ ಹಿನ್ನೀರಿನ ತುದಿಯಲ್ಲೇ ಮೊದಲು ಬೀಳುತ್ತದೆ, ಅಷ್ಟುದ್ದ ನಿಂತ ನೀರನ್ನು ದಾಟಿ ತೂಬಿಗೆ ಬರುವುದು ನುಣುಪು ಸಿಲ್ಟು, ಜೇಡಿ. ನಿಮ್ಮ ಕಾಲುವೆ ತಳದಲ್ಲಿ ಗರಗರ ಮರಳಿದ್ದರೆ ಅದು ಪಕ್ಕದ ಹಳ್ಳದಿಂದ, ಕುಸಿದ ದಂಡೆಯಿಂದ, ಮಳೆಗೆ ಹೊಲದಿಂದ ಕೊಚ್ಚಿ ಬಂದದ್ದು. ಬಾಟಲಿಯಲ್ಲಿ ಬರೀ ಜೇಡಿ, ತಳದಲ್ಲಿ ಮರಳು ಅಂತ ಕಂಡರೆ ಕಾಲುವೆ ಉದ್ದಕ್ಕೂ ನಡೆದು ಹಳ್ಳ ಎಲ್ಲಿ ಸೇರುತ್ತಿದೆ ಹುಡುಕಿ.

ಜೆಸಿಬಿ ಮಾಡುವ ಇನ್ನೊಂದು ಕೆಲಸ

ಹೂಳೆತ್ತುವಾಗ ಬಕೆಟ್ಟು ಬದಿಯನ್ನೂ ಕೆರೆದುಕೊಂಡು ಹೋಗುತ್ತದೆ. 2 ಮೀಟರ್ ತಳ ಕೆಲವು ವರ್ಷದಲ್ಲಿ 3.5 ಆಗಿಬಿಡುತ್ತದೆ. ನೋಡೋಕೆ ದೊಡ್ಡ ಕಾಲುವೆ, ಎಲ್ಲರಿಗೂ ಖುಷಿ. ಅದೇ 0.92 ಘನ ಮೀಟರ್ ಅದರಲ್ಲಿ ಹರಿಸಿ ನೋಡಿ: ಆಳ 0.8ರಿಂದ 0.59ಕ್ಕೆ ಇಳಿಯಿತು. ಶಿಯರ್ ವೆಲಾಸಿಟಿ 36 ಇದ್ದದ್ದು 34, ಅಂಥ ಪೆಟ್ಟೇನಿಲ್ಲ. ಪೆಟ್ಟು ಬಿದ್ದಿರುವುದು ಮಟ್ಟಕ್ಕೆ. 21 ಸೆಂ.ಮೀ. ಇಳಿದ ನೀರು ತೂಬಿಗೆ ಏರುವುದಿಲ್ಲ, ರೈತರು ಕಲ್ಲು ಹಾಕುತ್ತಾರೆ, ನೀರು ನಿಲ್ಲುತ್ತದೆ, ಹೂಳು ಕೂರುತ್ತದೆ, ಮುಂದಿನ ವರ್ಷ ಮತ್ತೆ ಜೆಸಿಬಿ. ಮೂಲ ತಳಕ್ಕಿಂತ ಆಳವಾಗಿ ತೋಡಿದರೂ ಅಷ್ಟೇ, ಆ ಗುಂಡಿ ಮರಳು ಹಿಡಿಯುವ ಬಲೆ. ಅದಕ್ಕೆ ಹೂಳೆತ್ತಿಸುವಾಗ ಮೂಲ ನಕ್ಷೆಯ ತಳದ ಮಟ್ಟ ಮತ್ತು ಅಗಲವನ್ನು ಪ್ರತಿ 50 ಮೀಟರ್‌ಗೆ ಗೂಟ ಹೊಡೆದು ತೋರಿಸಿ, ಯಂತ್ರದವರು ಅದನ್ನು ದಾಟದಂತೆ ಒಬ್ಬರು ನಿಂತು ನೋಡಿಕೊಳ್ಳಿ.

ತೂಬು ಎಲ್ಲಿ ಇಡಬೇಕು

ಹೊಸ ತೂಬೋ ಕವಲು ಕಾಲುವೆಯೋ ಮಾಡುವಾಗ ಜಾಗ ನೋಡಿ ಆರಿಸಿ. ತಿರುವಿನಲ್ಲಿ ಮೇಲ್ಮೈಯ ವೇಗದ ನೀರು ಹೊರದಂಡೆಗೆ ಹೋಗಿ ಬಡಿಯುತ್ತದೆ, ಅಲ್ಲಿಂದ ಕೆಳಗಿಳಿದು ತಳದ ಮೂಲಕ ಒಳದಂಡೆಗೆ ವಾಪಸ್ ಬರುತ್ತದೆ, ಬರುವಾಗ ಮರಳನ್ನೂ ತರುತ್ತದೆ. ಲೋಟದಲ್ಲಿ ಚಹಾ ತಿರುಗಿಸಿದಾಗ ಸೊಪ್ಪೆಲ್ಲ ತಳದ ನಡುವೆ ಗುಡ್ಡೆಯಾಗುವುದೂ ಇದೇ ಕಾರಣಕ್ಕೆ. ಐನ್‌ಸ್ಟೈನ್ 1926ರಲ್ಲಿ ಇದನ್ನು ವಿವರಿಸಿ, ನದಿಗಳು ಯಾಕೆ ಬಳುಕುತ್ತವೆ ಅನ್ನುವುದಕ್ಕೆ ಜೋಡಿಸಿದ್ದರು. ಅವರ ಮಗ ಹಾನ್ಸ್ ಆಲ್ಬರ್ಟ್ ಮುಂದೆ ಜೀವನವಿಡೀ ಹೂಳು ಸಾಗಣೆಯನ್ನೇ ಓದಿದರು, ಅಪ್ಪನಿಗಿಂತ ಕಷ್ಟದ ವಿಷಯ ಆರಿಸಿಕೊಂಡರು ಅಂತ ನಮ್ಮವರು ತಮಾಷೆ ಮಾಡುವುದುಂಟು. ಹಾಗಾಗಿ ತೂಬು ಹೊರದಂಡೆಯಲ್ಲಿರಲಿ. ಒಳದಂಡೆಯಲ್ಲಿಟ್ಟರೆ ಇಡೀ ಕಾಲುವೆಯ ಮರಳನ್ನು ನಿಮ್ಮ ಹೊಲಕ್ಕೆ ಕರೆದ ಹಾಗೆ.

ನೇರ ಕಾಲುವೆಯಲ್ಲೂ ಸಮಸ್ಯೆ ಇದೆ. ಕವಲು ಒಡೆಯುವಲ್ಲಿ ಮೇಲ್ಮೈ ನೀರು ವೇಗದಲ್ಲಿರುವುದರಿಂದ ಬೇಗ ತಿರುಗುವುದಿಲ್ಲ, ನೆಟ್ಟಗೆ ಮುಂದೆ ಹೋಗಿಬಿಡುತ್ತದೆ. ನಿಧಾನವಾಗಿರುವ ತಳದ ನೀರು ಸಲೀಸಾಗಿ ಕವಲಿಗೆ ತಿರುಗುತ್ತದೆ. ಮರಳೆಲ್ಲ ಇರುವುದು ಅಲ್ಲೇ ಅಲ್ವಾ? ಅದಕ್ಕೇ ಕವಲಿಗೆ ನೀರಿನ ಪಾಲಿಗಿಂತ ಮರಳಿನ ಪಾಲು ಎಷ್ಟೋ ಜಾಸ್ತಿ. ಬುಲ್ಲೆ ಅನ್ನುವವರು 1926ರಲ್ಲಿ ಜರ್ಮನಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಪರಿಹಾರ ಅಗ್ಗದ್ದು: ಕವಲಿನ ಬಾಯಿಯ ಹೊಸ್ತಿಲನ್ನು ಮುಖ್ಯ ಕಾಲುವೆಯ ತಳಕ್ಕಿಂತ ಒಂದು ಗೇಣು ಎತ್ತರಿಸಿ. ತೊಂಬತ್ತು ಡಿಗ್ರಿಗೆ ಒಡೆಯುವ ಬದಲು ಹರಿವಿನ ದಿಕ್ಕಿಗೆ ಓರೆಯಾಗಿ ಒಡೆದರೆ ಇನ್ನೂ ಸ್ವಲ್ಪ ಉಪಕಾರ.

ಎಷ್ಟು ಕೂತಿತು ಅನ್ನೋ ಅಂದಾಜು

ಬಾಟಲಿ ನೀರನ್ನು ಒಂದು ಲೀಟರ್ ಅಳೆದು, ತೂಕ ಮಾಡಿದ ಫಿಲ್ಟರ್ ಪೇಪರಿನಲ್ಲಿ ಸೋಸಿ, ಒಣಗಿಸಿ, ಮತ್ತೆ ತೂಗಿ. ಲೀಟರಿಗೆ ಅರ್ಧ ಗ್ರಾಂ ಬಂತು ಅನ್ನಿ. ನೋಡೋಕೆ ಚಿಟಿಕೆ. 0.92 ಘನ ಮೀಟರ್ ಹರಿವಿಗೆ ಅದು ದಿನಕ್ಕೆ ಸುಮಾರು 40 ಟನ್. ಅದರಲ್ಲಿ ಶೇ. 5 ಮಾತ್ರ ಒಂದು ಕಿಲೋಮೀಟರ್ ತುಂಡಿನಲ್ಲಿ ಕೂತರೂ ನೂರು ದಿನಕ್ಕೆ 200 ಟನ್, ಸುಮಾರು 150 ಘನ ಮೀಟರ್, 2 ಮೀಟರ್ ತಳದ ಮೇಲೆ ಏಳೂವರೆ ಸೆಂ.ಮೀ. ದಪ್ಪ. ಹೂಳು ಸಾಗಣೆಯ ಲೆಕ್ಕದಲ್ಲಿ ಎರಡು ಪಟ್ಟು ಹೆಚ್ಚುಕಮ್ಮಿ ಬಂದರೂ ಒಳ್ಳೆಯ ಲೆಕ್ಕ ಅಂತಲೇ ಹೇಳುತ್ತಾರೆ, ಆದ್ದರಿಂದ ಏಳೂವರೆಯನ್ನು ನಾಲ್ಕರಿಂದ ಹದಿನೈದು ಅಂತ ಓದಿಕೊಳ್ಳಿ.

ಲೆಕ್ಕ ಸರಿಯಾ ಅಂತ ನೋಡಲು ನೀರು ಬಿಡುವ ಮುಂಚೆ ನಾಲ್ಕೈದು ಕಡೆ ದಂಡೆಯಲ್ಲಿ ಕಲ್ಲು ಹುಗಿದು ಬಣ್ಣ ಬಳಿಯಿರಿ. ಎರಡು ದಂಡೆಯ ಕಲ್ಲುಗಳ ನಡುವೆ ದಾರ ಬಿಗಿದು, ದಾರದಿಂದ ತಳಕ್ಕೆ ಪ್ರತಿ ಅರ್ಧ ಮೀಟರ್‌ಗೆ ಅಳೆದು ಬರೆದಿಡಿ, ಫೋಟೋ ತೆಗೆದಿಡಿ. ಬೆಳೆ ಮುಗಿದು ನೀರು ನಿಂತ ವಾರ ಅದೇ ಕಲ್ಲು, ಅದೇ ದಾರ. ಇಡೀ ಉದ್ದಕ್ಕೂ ಸಮವಾಗಿ ಏರಿದ್ದರೆ ಹರಿವು ಕಡಿಮೆ ಅಥವಾ ಇಳಿಜಾರು ಸಾಲದು. ಒಂದೆರಡು ಕಡೆ ಮಾತ್ರ ಗುಡ್ಡೆಯಾಗಿದ್ದರೆ ಅಲ್ಲಿಂದ ಸ್ವಲ್ಪ ಕೆಳಗೆ ಹೋಗಿ ಅಡ್ಡ ಏನಿದೆ ನೋಡಿ. ಒಂದು ಬದಿಗೆ ಮಾತ್ರ ಕೂತಿದ್ದರೆ ತಿರುವೋ ಹಳ್ಳವೋ ಹತ್ತಿರದಲ್ಲೇ ಇರುತ್ತದೆ. ಟೆಂಡರ್ ಕರೆಯುವವರ ಮುಂದೆ ಆ ಅಳತೆಯ ಹಾಳೆಯನ್ನೇ ಇಡಿ, ಯಾವ 200 ಮೀಟರ್‌ಗೆ ಯಂತ್ರ ಬೇಕು, ಯಾವುದಕ್ಕೆ ಬೇಡ ಅಂತ ಅದರಲ್ಲೇ ಇರುತ್ತದೆ.